ಪ್ಲಗ್ ಕಿತ್ತರೂ ನಡೆಯುವ ಸರ್ವರ್

ಬೋಧನಾಭ್ಯಾಸದ ದಿನಚರಿಯಲ್ಲಿ ‘ಈ ವಾರ ಎದುರಾದ ತೊಂದರೆ’ ಎಂಬ ಅಂಕಣವೊಂದಿದೆ. ಹೆಚ್ಚಿನ ವಾರ ನಾನು ಅಲ್ಲಿ ‘ಸಮಯ ಸಾಲಲಿಲ್ಲ’ ಎಂದು ಬರೆದು ಮುಗಿಸುತ್ತಿದ್ದೆ. 2024ರ ಸೆಪ್ಟೆಂಬರ್ ಕೊನೆಯ ವಾರದ ಪುಟದಲ್ಲಿ ಮಾತ್ರ ‘ಮಕ್ಕಳ 11 ಬರಹಗಳನ್ನು ಕಳೆದುಹಾಕಿದೆ’ ಎಂದು ಬರೆಯಬೇಕಾಯಿತು. ಮಾರ್ಗದರ್ಶಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಹೇಗೆ?’ ಎಂದಷ್ಟೇ ಬರೆದು ಸಹಿ ಹಾಕಿದರು. ಈ ಲೇಖನ ಆ ಒಂದು ಪದದ ಪ್ರಶ್ನೆಗೆ ನನ್ನ ಉತ್ತರ.

ನನ್ನ ಮನೆ ಸುಂಟಿಕೊಪ್ಪದಲ್ಲಿ. ಕುಶಾಲನಗರದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ನಡುವೆ ಸಿಗುವ ಊರು. ಪೇಟೆ ದಾಟಿದರೆ ಎರಡೂ ಬದಿ ಕಾಫಿ ತೋಟ, ತೋಟದೊಳಗೆ ಲೈನ್ ಮನೆಗಳು. ನನಗೆ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ಹತ್ತಿರದ್ದೇ ಒಂದು ಪ್ರೌಢಶಾಲೆ. ನಾನು ವಿಜ್ಞಾನ ಮತ್ತು ಗಣಿತದ ಪ್ರಶಿಕ್ಷಣಾರ್ಥಿ. ಒಂಬತ್ತನೇ ತರಗತಿಯ 32 ಮಕ್ಕಳ ಮನೆಯಲ್ಲಿ ಕನ್ನಡ, ತುಳು, ಮಲಯಾಳಂ, ತಮಿಳು, ಕೊಡವ, ಅರೆಭಾಷೆ ಎಲ್ಲವೂ ಇದ್ದವು. ಇಂಟರ್ನೆಟ್ ಮಾತ್ರ ಕೆಲವರ ಮನೆಯಲ್ಲಷ್ಟೇ ಇತ್ತು. ಫೋನ್ ಇದ್ದರೂ ಅದು ಅಪ್ಪನ ಜೇಬಿನಲ್ಲಿ. ಅಪ್ಪ ಬಂದ ಮೇಲೆ ಮರದ ಮರೆಯಲ್ಲಿ ಸಿಗ್ನಲ್ ಇಲ್ಲ.

ಹಾಗಾಗಿ ಒಂದು ಯೋಚನೆ ಬಂತು. ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನು ವೆಬ್ ಸರ್ವರ್ ಮಾಡಿಟ್ಟರೆ, ಸಂಜೆ ನಮ್ಮ ಜಗಲಿಗೆ ಬರುವ ಮಕ್ಕಳು ಮನೆಯ ವೈಫೈಯಿಂದಲೇ ಪಾಠದ ಚಿತ್ರ, ಅಭ್ಯಾಸ ಹಾಳೆ, ಕನ್ನಡ ವಿಕಿಪೀಡಿಯ ಎಲ್ಲವನ್ನೂ ತೆರೆಯಬಹುದು. ಇಡೀ ವಿಕಿಪೀಡಿಯವನ್ನು ಒಂದು ಕಡತವಾಗಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಕನ್ನಡವೂ ಇದೆ. ವಾರಕ್ಕೆ ಒಂದು ದಿನ ಅದೇ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಯ ಕಂಪ್ಯೂಟರ್ ಕೋಣೆಗೂ ಒಯ್ಯಬಹುದು. ಮಕ್ಕಳು ಓದುವುದಷ್ಟೇ ಅಲ್ಲ, ತಾವೂ ಒಂದೊಂದು ಪುಟ ಬರೆಯಲಿ, ನಮ್ಮೂರಿನದೇ ಒಂದು ವೆಬ್‌ಸೈಟ್ ಆಗಲಿ ಎಂಬುದು ನನ್ನ ಆಸೆ. ಮುಖ್ಯೋಪಾಧ್ಯಾಯರು ಒಪ್ಪಿದರು.

ಆಯ್ಕೆಯಲ್ಲಿ ಎಡವಿದ್ದು ಇಲ್ಲಿಂದ. ಪಾಠ ಯೋಜನೆ ಬರೆಯುವಾಗ ಮೊದಲು ಉದ್ದೇಶ, ಆಮೇಲೆ ಬೋಧನೋಪಕರಣ ಎಂದು ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೇವೆ. ನಾನು ಉಪಕರಣವನ್ನೇ ಮೊದಲು ಆರಿಸಿದೆ. ಅಂಗೈಯಗಲದ ಬೋರ್ಡ್ ಕಂಪ್ಯೂಟರುಗಳ ಬಗ್ಗೆ ಓದಿದ್ದೆ. 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಹೊರಬಂದ ರಾಸ್ಪ್‌ಬೆರಿ ಪೈ ಈ ಜಾತಿಯಲ್ಲಿ ಹೆಸರಾದದ್ದು. ಅದರಂಥದೇ ಒಂದು ಬೋರ್ಡನ್ನು ಸ್ನೇಹಿತೆಯೊಬ್ಬಳಿಂದ ಹಳೆಯ ಬೆಲೆಗೆ ಕೊಂಡೆ. ಮೆಮೊರಿ ಕಾರ್ಡಿನಲ್ಲಿ ಲಿನಕ್ಸ್ ಹಾಕಿದೆ. ಯಾವ ಲಿನಕ್ಸ್? ವೀಡಿಯೊ ಒಂದರಲ್ಲಿ ಪರದೆ ಚೆಂದ ಕಂಡ ಒಂದು ವಿತರಣೆ. ಸರ್ವರಿಗೆ ಪರದೆಯೇ ಇರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಚಿಕ್ಕ ಚಿಕ್ಕ ಸೂಚನೆಗಳು ಬಂದವು. ಕರೆಂಟು ಹೋಗಿ ಬಂದ ಮೇಲೆ ಮಕ್ಕಳ ಪುಟಗಳಲ್ಲಿ ಹಿಂದಿನ ದಿನದ ತಾರೀಖು ಕಾಣುತ್ತಿತ್ತು. ನಮ್ಮ ಗೋಡೆ ಗಡಿಯಾರದಂತೆ ಸಾಮಾನ್ಯ ಕಂಪ್ಯೂಟರಿನೊಳಗೂ ಬಿಲ್ಲೆಯಂಥ ಬ್ಯಾಟರಿಯಲ್ಲಿ ನಡೆಯುವ ಗಡಿಯಾರ ಇರುತ್ತದೆ. ನನ್ನ ಬೋರ್ಡಿನಲ್ಲಿ ಅದಿರಲಿಲ್ಲ. ಅದು ಹೊತ್ತು ತಿಳಿಯುತ್ತಿದ್ದುದು ಇಂಟರ್ನೆಟ್ಟಿನಿಂದ. ಮಳೆಗೆ ಇಂಟರ್ನೆಟ್ಟೂ ಹೋದರೆ ತಾನು ನಿಂತ ಹೊತ್ತಿನಿಂದಲೇ ಮುಂದೆ ಎಣಿಸುತ್ತಿತ್ತು. ಒಬ್ಬ ಹುಡುಗ ನಕ್ಕು, “ಟೀಚರ್, ನಿಮ್ಮ ಮೆಷಿನ್ನಿಗೆ ನಿದ್ದೆ ಮಾಡಿದ್ದು ಗೊತ್ತಾಗಲ್ಲ” ಎಂದ. ನಾನೂ ನಕ್ಕೆ. ಅದು ನಗುವ ವಿಷಯವಲ್ಲ, ಪೆಟ್ಟಿಗೆ ನಮ್ಮೂರಿಗೆ ಹೊಂದುತ್ತಿಲ್ಲ ಎಂಬ ಮೊದಲ ಮಾಹಿತಿ ಎಂದು ದಿನಚರಿಯಲ್ಲಿ ಬರೆದುಕೊಳ್ಳಬೇಕಿತ್ತು.

ಇನ್ನೊಂದು ಕಡೆ, ಸೈಟನ್ನು ಹೊರಗಿನಿಂದಲೂ ಕಾಣುವಂತೆ ಮಾಡಲು ನಾಲ್ಕೈದು ರಾತ್ರಿ ಹೆಣಗಿದೆ. ಆಗಲಿಲ್ಲ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವು ಸಾಲದೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಪದ್ಧತಿ ಬಂದಿದೆ. ಒಂದೇ ಬಾಗಿಲು ಸಂಖ್ಯೆಯ ವಠಾರದಂತೆ: ಒಳಗಿನವರು ಹೊರಗೆ ಕಾಗದ ಬರೆಯಬಹುದು, ಹೊರಗಿನವರು ಬಂದು ಇಂಥವರ ಬಾಗಿಲನ್ನೇ ತಟ್ಟಲಾರರು. ನನ್ನ ಮನೆಯ ಸಂಪರ್ಕ ಅಂಥದ್ದು. ಆ ರಾತ್ರಿಗಳನ್ನು ನಾನು ಮಕ್ಕಳ ಬರಹಗಳ ನಕಲು ತೆಗೆದಿಡಲು ಬಳಸಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಂದಿರುಗುವ ಹೊತ್ತಿಗೆ ಗುಡುಗು ಬರುತ್ತದೆ. ಗುಡುಗು ಶುರುವಾದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ನಮ್ಮ ಕಡೆ ಎಲ್ಲ ಮನೆಗಳ ರೂಢಿ. ತಾಮ್ರದ ತಂತಿಯ ಟೆಲಿಫೋನ್ ಕಾಲದಲ್ಲಿ ಎಷ್ಟು ಮೋಡೆಮ್‌ಗಳು ಸುಟ್ಟಿವೆ ಎಂಬುದನ್ನು ಕಂಡವರು ನಮ್ಮ ಹಿರಿಯರು. ಆ ಸಂಜೆ ನಾನು ಶಾಲೆಯಿಂದ ಬಂದಿರಲಿಲ್ಲ. ಜಗಲಿಯಲ್ಲಿ ಇಬ್ಬರು ಮಕ್ಕಳು ಏನೋ ಬರೆಯುತ್ತಿದ್ದರು. ಗುಡುಗಿತು. ಅಮ್ಮ ಟಿವಿ, ಫ್ರಿಜ್, ಗ್ರೈಂಡರ್ ಪ್ಲಗ್ ಕಿತ್ತರು. ಕೊನೆಗೆ ನನ್ನ ಪೆಟ್ಟಿಗೆಯದ್ದನ್ನೂ ಕಿತ್ತರು.

ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಅರ್ಧ ಬರೆದ ಭಾಗವಷ್ಟೇ ಅಲ್ಲ, ಯಾವುದು ಎಲ್ಲಿದೆ ಎಂಬ ಸೂಚಿಯೂ ಕೆಡಬಹುದು. ಗ್ರಂಥಾಲಯದಲ್ಲಿ ಪುಸ್ತಕಗಳಿದ್ದು ಪಟ್ಟಿ ಹರಿದುಹೋದ ಹಾಗೆ. ರಾತ್ರಿ ಪ್ಲಗ್ ಹಾಕಿದರೆ ದೀಪ ಉರಿಯಿತು, ಸರ್ವರ್ ಏಳಲಿಲ್ಲ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಎರಡು ದಿನ ಹುಡುಕಿದೆ. ಕೆಲವು ಚಿತ್ರಗಳು ಸಿಕ್ಕವು, ಬರಹ ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಾನು ತೆಗೆದಿಟ್ಟಿದ್ದ ನಕಲು ಸೆಪ್ಟೆಂಬರ್ 1ರದು. ಆಮೇಲೆ ಬರೆದ 11 ಪುಟಗಳು ಹೋಗಿದ್ದವು.

ಅಮ್ಮನ ಮೇಲೆ ಸಿಟ್ಟು ಬಂತು. ಒಂದು ಮಾತು ಆಡಿಯೂಬಿಟ್ಟೆ. ಅವರು, “ನನಗೆ ಹೇಳಿದ್ದರೆ ಕೀಳುತ್ತಿರಲಿಲ್ಲ” ಎಂದರು. ಹೇಳಿರಲಿಲ್ಲ. 32 ಮಕ್ಕಳಿಗೆ ಸರ್ವರ್ ಎಂದರೇನು ಎಂದು ಚಾರ್ಟ್ ಬಿಡಿಸಿ ಕಲಿಸಿದ್ದೆ. ದಿನವಿಡೀ ಅದರ ಪಕ್ಕದಲ್ಲೇ ಇರುವವರಿಗೆ ಒಂದು ವಾಕ್ಯ ಹೇಳಿರಲಿಲ್ಲ.

ತರಗತಿಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಹಿಂದಿನ ರಾತ್ರಿ ಹೇಗೆ ಹೇಳಲಿ ಎಂದು ಬರೆದುಕೊಂಡಿದ್ದೆ, ಪಾಠದ ಪೀಠಿಕೆಯಂತೆ. ನಿಂತಾಗ ಅದು ಬರಲಿಲ್ಲ. “ನಿಮ್ಮ ಬರಹಗಳು ಹೋದವು. ತಪ್ಪು ನನ್ನದು. ನಕಲು ಇಟ್ಟಿರಲಿಲ್ಲ” ಎಂದೆ. ಹತ್ತು ಮಂದಿ ಮತ್ತೆ ಬರೆಯುತ್ತೇವೆ ಎಂದರು. ಕಾಡುಹಂದಿ ಬಗ್ಗೆ ಬರೆದವನು ಈ ಸಲ ಇನ್ನೂ ಉದ್ದ ಬರೆಯುತ್ತೇನೆ ಎಂದ. ಒಬ್ಬ ಹುಡುಗಿ ಸುಮ್ಮನಿದ್ದಳು.

ಅವಳು ಬರೆದದ್ದು 2018ರ ಆಗಸ್ಟ್ ಮಳೆಯ ಬಗ್ಗೆ. ಆ ತಿಂಗಳು ಕೊಡಗಿನಲ್ಲಿ ಗುಡ್ಡಗಳು ಜಾರಿ ಎಷ್ಟೋ ಮನೆಗಳು ಮಣ್ಣಾದವು, ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಅವಳಿಗೆ ಆಗ ಎಂಟು ವರ್ಷ. ರಾತ್ರಿ ಮನೆ ಬಿಟ್ಟು ಹೊರಟಾಗ ಅಜ್ಜಿ ರೇಷನ್ ಕಾರ್ಡ್ ಮರೆತು ಬೆಲ್ಲದ ಡಬ್ಬಿ ಹಿಡಿದುಕೊಂಡು ಬಂದಿದ್ದರಂತೆ. ಕೇಂದ್ರದಲ್ಲಿ ಮಕ್ಕಳೆಲ್ಲ ಆ ಡಬ್ಬಿಯ ಸುತ್ತ ಕೂತಿದ್ದರಂತೆ. ನನಗೆ ನೆನಪಿರುವುದು ಇಷ್ಟೇ. ಒಮ್ಮೆ ಓದಿ, ‘ಚೆನ್ನಾಗಿದೆ, ಕಾಗುಣಿತ ನೋಡು’ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗಿದ್ದೆ. ಗಂಟೆ ಹೊಡೆದ ಮೇಲೆ ಅವಳು ಹತ್ತಿರ ಬಂದು, “ಎರಡನೇ ಸಲ ಬರೆದರೆ ಅದು ಅದೇ ಆಗಲ್ಲ ಟೀಚರ್” ಎಂದಳು. ಬೇಜಾರಿನ ದನಿಯಲ್ಲ, ಒಂದು ವಿಷಯ ತಿಳಿಸುವ ದನಿಯಲ್ಲಿ.

ಎರಡನೇ ಸಲ ನಾನು ಅಂಗಡಿಯ ಪಟ್ಟಿ ನೋಡಲಿಲ್ಲ. ಒಂದು ಅವಧಿ ತೆಗೆದುಕೊಂಡು ಮಕ್ಕಳನ್ನೇ ಕೇಳಿದೆ: ನಮ್ಮ ಸರ್ವರಿಗೆ ಏನೇನು ಗೊತ್ತಿರಬೇಕು? ಕಪ್ಪುಹಲಗೆಯ ಮೇಲೆ ಉತ್ತರಗಳು ಬಂದವು. ಚೀಲದಲ್ಲಿ ಹಿಡಿಸಬೇಕು. ಕರೆಂಟು ಬಂದಾಗ ತಾನೇ ಏಳಬೇಕು. ತಾರೀಖು ಮರೆಯಬಾರದು. ಬಿಲ್ ಜಾಸ್ತಿ ಬರಬಾರದು. ಇರುವೆ ಹೋಗಬಾರದು. ಎಲ್ಲ ಮುಗಿಯಿತು ಎನ್ನುವಾಗ ಅದೇ ಹುಡುಗಿ ಕೇಳಿದಳು: “ನಿಮ್ಮಮ್ಮ ಪ್ಲಗ್ ಕಿತ್ತರೂ ನಡೆಯುವ ಮೆಷಿನ್ ಇಲ್ಲವಾ?”

ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ‘ಅಮ್ಮನಿಗೆ ಪ್ಲಗ್ ಕೀಳದಂತೆ ಹೇಳುವುದು ಹೇಗೆ’ ಎಂಬುದು. ಗುಡುಗಿದಾಗ ಪ್ಲಗ್ ಕೀಳುವುದು ತಪ್ಪಲ್ಲ, ಅದು ಸರಿಯಾದ ತಿಳಿವಳಿಕೆ. ಮನೆಯವರ ಸರಿಯಾದ ರೂಢಿಗೆ ಒಗ್ಗದ ಯಂತ್ರವನ್ನು ತಂದವಳು ನಾನು. ಪಾಠ ಅರ್ಥವಾಗದಿದ್ದರೆ ಮಗುವನ್ನಲ್ಲ, ಪಾಠವನ್ನು ತಿದ್ದಿ ಎಂದು ವಿಮರ್ಶಾ ಪಾಠಗಳಲ್ಲಿ ನಮಗೆ ಹೇಳುತ್ತಾರೆ. ಆ ಮಾತು ನನಗೆ ನಿಜವಾಗಿ ತಿಳಿದದ್ದು ಆ ಅವಧಿಯಲ್ಲಿ.

ಪಟ್ಟಿ ಕೈಯಲ್ಲಿದ್ದ ಮೇಲೆ ಯಂತ್ರಗಳನ್ನು ತೂಗುವುದು ಸುಲಭವಾಯಿತು. ಹತ್ತನೇ ತರಗತಿಯಲ್ಲಿ ಬರುವ ಯೂನಿಟ್ ಲೆಕ್ಕವನ್ನು ಒಂದು ವರ್ಷ ಮೊದಲೇ ಮಾಡಿದೆವು. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಒಂದನ್ನು ತಂದು ಅಳೆದೆವು. ಅಪ್ಪ ಕೆಲಸ ಮಾಡುವ ತೋಟದ ಕಚೇರಿಯಲ್ಲಿ ಮೂಲೆ ಸೇರಿದ್ದ ಹಳೆಯ ಡೆಸ್ಕ್‌ಟಾಪ್ 70 ವಾಟ್ ತೋರಿಸಿತು. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಎಂದರೆ 50.4 ಯೂನಿಟ್. ಪುಕ್ಕಟೆ ಸಿಕ್ಕ ಯಂತ್ರ ತಿಂಗಳು ತಿಂಗಳೂ ದುಡ್ಡು ಕೇಳುತ್ತದೆ, ಚೀಲದಲ್ಲಂತೂ ಹಿಡಿಸುವುದಿಲ್ಲ. ಬೋರ್ಡ್ 5 ವಾಟ್, ತಿಂಗಳಿಗೆ 3.6 ಯೂನಿಟ್. ಹಳೆಯ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆಯಲ್ಲ ಎಂದು ಒಬ್ಬ ಹೇಳಿದ. ಒಳ್ಳೆಯ ಸಲಹೆ. ಆದರೆ ನಮಗೆ ಸಿಕ್ಕಿದ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಮಕ್ಕಳ ನಡುವೆ ಇಡುವಂತಿಲ್ಲ. ಕೊನೆಯದು, ದಪ್ಪ ನಿಘಂಟಿನಷ್ಟೇ ಗಾತ್ರದ ಮಿನಿ ಪಿಸಿ. ಇಂಟೆಲ್ಲಿನ ಎನ್100 ಎಂಬ, ಕಡಿಮೆ ವಿದ್ಯುತ್ ಉಣ್ಣುವ ಪ್ರೊಸೆಸರ್ ಇರುವಂಥದ್ದು. ಸುಮ್ಮನಿರುವಾಗ 8 ವಾಟ್, ಅಂದರೆ ತಿಂಗಳಿಗೆ 5.76 ಯೂನಿಟ್. ಒಳಗೆ ಗಡಿಯಾರದ ಬ್ಯಾಟರಿ ಇದೆ, ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಇದೆ. ಅದರ ಬಯಾಸ್ ವ್ಯವಸ್ಥೆಯಲ್ಲಿ ‘ವಿದ್ಯುತ್ ಮರಳಿದಾಗ ತಾನೇ ಆರಂಭವಾಗು’ ಎಂಬ ಆಯ್ಕೆಯೂ ಇದೆ. ಕೊಳ್ಳುವ ಮೊದಲು ವಿಚಾರಿಸಬೇಕಾದ ಮುಖ್ಯ ಸಂಗತಿ ಇದು. ಎಲ್ಲ ಪೆಟ್ಟಿಗೆಗಳಲ್ಲೂ ಇದು ಇರುವುದಿಲ್ಲ.

ಇನ್ನೊಂದು ಗುಣ ನಮಗೆ ದಾರಿ ತೋರಿಸಿತು. ಈ ಪೆಟ್ಟಿಗೆ ನಡೆಯುವುದು 12 ವೋಲ್ಟಿನಲ್ಲಿ, ನಮ್ಮ ವೈಫೈ ರೂಟರ್ ಕೂಡ ಹಾಗೆಯೇ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುವ ಡಿಸಿ ಯುಪಿಎಸ್ ಎರಡಕ್ಕೂ ಸಾಕು. 12ನ್ನು 7ರಿಂದ ಗುಣಿಸಿದರೆ 84 ವಾಟ್-ಗಂಟೆ. ಇಂಥ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ, ಅರ್ಧ ಬಳಸೋಣ ಎಂದರೆ 42. ಪೆಟ್ಟಿಗೆ 8, ರೂಟರ್ 6, ಒಟ್ಟು 14 ವಾಟ್. ಮೂರು ಗಂಟೆ. ಗುಡುಗು ನಿಲ್ಲಲು ಅಷ್ಟು ಸಾಕು. ಮನೆಯೊಳಗೆ ಬರುವ ಇಂಟರ್ನೆಟ್ ಈಗ ಗಾಜಿನ ಎಳೆಯದು. ಗಾಜು ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ. ಅಮ್ಮ ಈಗ ನಿಶ್ಚಿಂತೆಯಿಂದ ಯುಪಿಎಸ್‌ನ ಪ್ಲಗ್ ಕೀಳಬಹುದು.

ಆಮೇಲೆ ಲಿನಕ್ಸ್ ವಿತರಣೆಯ ಆಯ್ಕೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬುದು ವ್ಯವಸ್ಥೆಯ ತಿರುಳು ಮಾತ್ರ. ಅದರ ಸುತ್ತ ಬೇರೆ ಬೇರೆ ಗುಂಪುಗಳು ಕಟ್ಟಿಕೊಟ್ಟ ಪೂರ್ಣ ರೂಪಗಳೇ ವಿತರಣೆಗಳು. ಒಂದೇ ಪಠ್ಯಕ್ರಮಕ್ಕೆ ಬೇರೆ ಬೇರೆ ಪಠ್ಯಪುಸ್ತಕಗಳಿದ್ದಂತೆ. ಈ ಸಲ ನಾನು ಎರಡೇ ಪ್ರಶ್ನೆ ಕೇಳಿದೆ. ಒಂದು, ಒಮ್ಮೆ ಹಾಕಿದರೆ ಎಷ್ಟು ವರ್ಷ ಬದಲಿಸದೆ ಇರಬಹುದು? ಎರಡು, ಕೆಟ್ಟರೆ ನನ್ನ ಫೋನಿಗೆ ಸಿಗುವವರಲ್ಲಿ ಯಾರಿಗೆ ಗೊತ್ತು?

ಮೊದಲ ಪ್ರಶ್ನೆಗೆ ಫೆಡೋರಾ ಬಿದ್ದುಹೋಯಿತು. ಹೊಸತನ್ನು ಬೇಗ ತರುವ ಒಳ್ಳೆಯ ವಿತರಣೆ ಅದು, ಆದರೆ ಒಂದು ಆವೃತ್ತಿಗೆ ಸಿಗುವ ಬೆಂಬಲ ಹೆಚ್ಚೂಕಡಿಮೆ 13 ತಿಂಗಳು. ವರ್ಷಕ್ಕೊಮ್ಮೆ ಪಠ್ಯಪುಸ್ತಕ ಬದಲಿಸುವ ಶಕ್ತಿ ನನಗಿಲ್ಲ. ಆಲ್ಪೈನ್ ತೀರ ಚಿಕ್ಕದು, ಅಚ್ಚುಕಟ್ಟು. ನಮ್ಮಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಉಳಿದದ್ದು ಉಬುಂಟುವಿನ ದೀರ್ಘಾವಧಿ ಆವೃತ್ತಿ ಮತ್ತು ಡೆಬಿಯನ್. ಎರಡಕ್ಕೂ ಐದು ವರ್ಷದಷ್ಟು ಸುರಕ್ಷಾ ಬೆಂಬಲವಿದೆ. ಡೆಬಿಯನ್ 1993ರಲ್ಲಿ ಆರಂಭವಾದದ್ದು, ಸ್ವಯಂಸೇವಕರು ನಡೆಸುವಂಥದ್ದು. ಉಬುಂಟು ಹುಟ್ಟಿದ್ದೂ ಅದರಿಂದಲೇ.

ಎರಡನೇ ಪ್ರಶ್ನೆಗೆ ಉತ್ತರ ಕಾಸರಗೋಡಿನಿಂದ ಬಂತು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಬಹಳ ವರ್ಷಗಳಿಂದ ಗ್ನೂ/ಲಿನಕ್ಸ್ ಮೇಲೆಯೇ ನಡೆಯುತ್ತಿದೆ. ಮೊದಲು ಐಟಿ ಅಟ್ ಸ್ಕೂಲ್, ಈಗ ಕೈಟ್ ಎಂಬ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವಿತರಣೆ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನನ್ನ ಚಿಕ್ಕಮ್ಮನ ಮಗ ಹಾಗೆ ಕಲಿತವನು. ಅವನಿಗೆ ಲಿನಕ್ಸ್ ಎಂದರೆ ವಿಶೇಷವಲ್ಲ, ಶಾಲೆಯಲ್ಲಿ ಓದಿದ ಒಂದು ವಿಷಯ. “ಡೆಬಿಯನ್ ಹಾಕು, ನಾನು ಕಲಿತ ಆದೇಶಗಳೇ ಅದರಲ್ಲೂ ನಡೆಯುತ್ತವೆ” ಎಂದ. ಸುಂಟಿಕೊಪ್ಪದಲ್ಲಿ ನಮ್ಮ ಮಕ್ಕಳಿಗೆ ಅಪರೂಪವಾಗಿ ಕಾಣುವ ವಿದ್ಯೆ ಗಡಿಯಾಚೆ ಕನ್ನಡದಲ್ಲೇ, ಸಾಮಾನ್ಯ ತರಗತಿಯಲ್ಲೇ ನಡೆಯುತ್ತಿರುವುದು ನನ್ನಲ್ಲಿ ಸ್ವಲ್ಪ ನಾಚಿಕೆಯನ್ನೂ ಹೆಚ್ಚು ಧೈರ್ಯವನ್ನೂ ಹುಟ್ಟಿಸಿತು.

ಡೆಬಿಯನ್ 12ನ್ನು ಹಾಕಿದ್ದು ಶಾಲೆಯಲ್ಲಿ, ಮಕ್ಕಳ ಎದುರು. ಅದರ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರಿಡುತ್ತಾರೆ. 2023ರ ಜೂನ್‌ನಲ್ಲಿ ಬಂದ ಈ ಆವೃತ್ತಿಯ ಹೆಸರು ‘ಬುಕ್‌ವರ್ಮ್’, ಅಂದರೆ ಪುಸ್ತಕದ ಹುಳು. ಮಕ್ಕಳಿಗೆ ಆ ಹೆಸರು ಹಿಡಿಸಿತು, ಪೆಟ್ಟಿಗೆಗೆ ‘ಹುಳು’ ಎಂದೇ ಹೆಸರು ನಿಂತಿತು. ಅನುಸ್ಥಾಪನೆಯ ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಕಂಡಾಗ ಹಿಂದಿನ ಬೆಂಚಿನಿಂದ ಚಪ್ಪಾಳೆ ಬಂತು. ಪರದೆಯ ಚೆಂದದ ಭಾಗವನ್ನೆಲ್ಲ ಬಿಟ್ಟೆವು. ಪುಟಗಳನ್ನು ಕೊಡಲು ಎಂಜಿನ್‌ಎಕ್ಸ್, ಮಕ್ಕಳು ಬರೆಯಲು ಡೋಕುವಿಕಿ. ಡೋಕುವಿಕಿಗೆ ಡೇಟಾಬೇಸ್ ಬೇಡ. ಒಂದೊಂದು ಪುಟವೂ ಒಂದೊಂದು ಸಾದಾ ಪಠ್ಯ ಕಡತ. ಎಲ್ಲ ಕೆಟ್ಟರೂ ಕಡತವನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ಮೊದಲ ಸಲ ನಾನು ಕೇಳದೆ ಹೋದ ಪ್ರಶ್ನೆಗಳಲ್ಲಿ ಇದೂ ಒಂದು.

ಸೈಟನ್ನು ಹೊರಜಗತ್ತಿಗೆ ತೆರೆಯುವ ಆಸೆ ಬಿಟ್ಟೆ. ಮಕ್ಕಳು ಬರೆಯುವುದರಲ್ಲಿ ಮನೆಯ ಮಾತಿದೆ, ಹೆಸರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಜಗಲಿ ಮತ್ತು ಶಾಲೆಯ ಕೋಣೆ, ಎರಡೇ ಜಾಗ ಸಾಕು. ಹೊರಗಿನವರು ತಟ್ಟಲಾಗದ ಬಾಗಿಲು ತೊಂದರೆಯಾಗಿ ಕಂಡಿತ್ತು. ಈಗ ಅದು ಒಳ್ಳೆಯದೇ ಆಯಿತು ಅನಿಸುತ್ತದೆ.

ನಕಲಿನ ವ್ಯವಸ್ಥೆ ಹೀಗಿದೆ. ಪ್ರತಿ ರಾತ್ರಿ ಎಲ್ಲ ಪುಟಗಳೂ ತಾವಾಗಿ ಒಂದು ಪೆನ್‌ಡ್ರೈವಿಗೆ ನಕಲಾಗುತ್ತವೆ. ವಾರಕ್ಕೊಮ್ಮೆ ಶಾಲೆಯ ಕಂಪ್ಯೂಟರಿಗೆ ಇನ್ನೊಂದು ನಕಲು ಹೋಗುತ್ತದೆ. ಇಬ್ಬರು ಮಕ್ಕಳು ಸರದಿಯಂತೆ ಯಾವುದಾದರೂ ಮೂರು ಪುಟಗಳನ್ನು ಆ ನಕಲಿನಿಂದಲೇ ತೆರೆದು ಓದಿ ನೋಡುತ್ತಾರೆ. ನಾನು ಪಾಠ ಮಾಡಿದೆ ಎಂಬುದು ಮಕ್ಕಳು ಕಲಿತರು ಎಂಬುದಕ್ಕೆ ಸಾಕ್ಷಿಯಲ್ಲ. ನಕಲು ತೆಗೆದೆ ಎಂಬುದೂ ಹಾಗೆಯೇ. ಅಮ್ಮನಿಗಾಗಿ ಪೆಟ್ಟಿಗೆಯ ಪಕ್ಕ ಒಂದು ಚೀಟಿ ಅಂಟಿಸಿದೆ: ‘ಪ್ಲಗ್ ಕೀಳಬಹುದು. ಎರಡು ಗಂಟೆ ಕಳೆದೂ ಕರೆಂಟು ಹಾಕಲಾಗದಿದ್ದರೆ ಈ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ.’ ಒಮ್ಮೆ ಒತ್ತಿದರೆ ಸರ್ವರ್ ಬರೆಯುವುದನ್ನೆಲ್ಲ ಮುಗಿಸಿ ತಾನೇ ಆರುತ್ತದೆ. ಅಮ್ಮ ಎರಡು ಸಲ ಒತ್ತಿ ನೋಡಿ ಖಾತ್ರಿ ಮಾಡಿಕೊಂಡರು. ಅಕ್ಟೋಬರ್ ಕೊನೆಯ ಒಂದು ಗುಡುಗಿನ ಸಂಜೆ ನಾನು ಬರುವಷ್ಟರಲ್ಲಿ ಯುಪಿಎಸ್ ಪ್ಲಗ್ ಹೊರಗಿತ್ತು, ಜಗಲಿಯ ಮಕ್ಕಳು ಬರೆಯುತ್ತಲೇ ಇದ್ದರು.

ಬೋಧನಾಭ್ಯಾಸ ನವೆಂಬರ್‌ನಲ್ಲಿ ಮುಗಿಯಿತು. ಹುಳು ಈಗಲೂ ನಮ್ಮ ಜಗಲಿಯ ಕಪಾಟಿನಲ್ಲಿದೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಬೇಕಾದರೆ ಚೀಲದಲ್ಲಿ ಹಾಕಿ ಕೊಡುತ್ತೇನೆ, ಚೀಟಿಯ ಸಮೇತ. ಕಳೆದುಹೋದ 11ರಲ್ಲಿ 10 ಬರಹಗಳು ಮತ್ತೆ ಬಂದವು. ಬೆಲ್ಲದ ಡಬ್ಬಿಯದು ಬರಲಿಲ್ಲ, ನಾನು ಕೇಳಲೂ ಇಲ್ಲ. ಕೊನೆಯ ವಾರ ಆ ಹುಡುಗಿ ತಮ್ಮ ಲೈನಿನ ನಲ್ಲಿ ನೀರಿನ ಸರದಿಯ ಬಗ್ಗೆ ಒಂದು ಪುಟ ಬರೆದಳು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಟೈಪ್ ಮಾಡಿ, ಮರುದಿನ ಬಂದು ಪೆನ್‌ಡ್ರೈವನ್ನು ತಾನೇ ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆರೆದು ನೋಡಿದಳು. ಪುಟ ಅಲ್ಲಿತ್ತು. ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು.